ಇಲಿಯ ಕಣ್ಣಿನ ಒತ್ತಡ

"ಬುದ್ಧೀ, ಮನಸ್ಸು ಶಾಂತವಾಯಿತೋ ಇಲ್ಲವೋ ಎಂದು ದಿನವಿಡೀ ನೋಡುತ್ತಲೇ ಇದ್ದೇನೆ. ನೋಡಿದಾಗಲೆಲ್ಲ ಕುದಿಯುತ್ತಿರುತ್ತದೆ. ನಿಮ್ಮ ಉಪದೇಶ ನನಗೆ ಹತ್ತುವುದಿಲ್ಲವೇನೋ. ಮಠ ಬಿಟ್ಟು ಹೋಗಲೇ?" ಎಂದು ಶಿಷ್ಯ ಕೇಳಿದ.

"ಹೋಗುವವನು ಊಟ ಮಾಡಿಕೊಂಡು ಹೋಗು. ಅನ್ನ ಬೇಯುವ ತನಕ ಒಂದು ಕತೆ ಕೇಳು" ಎಂದರು ಗುರುಗಳು.

ಒಬ್ಬ ಸಂಶೋಧಕನಿದ್ದ. ಕಣ್ಣೊಳಗಿನ ಒತ್ತಡ ಏರಿ, ನೋವಿಲ್ಲದೆ ಸದ್ದಿಲ್ಲದೆ ದೃಷ್ಟಿಯ ನರವನ್ನು ತಿಂದುಹಾಕುವ ಗ್ಲಾಕೋಮಾ ಎಂಬ ಕಾಯಿಲೆಗೆ ಅವನು ಔಷಧ ಹುಡುಕುತ್ತಿದ್ದ. ಅವನ ತಾಯಿಯ ಕಣ್ಣು ಹೋದದ್ದು ಅದರಿಂದಲೇ. ಮನುಷ್ಯರ ಕಣ್ಣಿಗೆ ಹಾಕುವ ಮೊದಲು ಇಲಿಯ ಕಣ್ಣಿಗೆ ಹಾಕಿ ನೋಡಬೇಕಲ್ಲ? ಕಣ್ಣಿನ ಒತ್ತಡ ತಾನಾಗಿ ಏರುವ ತಳಿಯ ಇಲಿಗಳನ್ನು ಸಾಕಿದ. ಬಲಗಣ್ಣಿಗೆ ಔಷಧ, ಎಡಗಣ್ಣಿಗೆ ಬರೀ ಉಪ್ಪುನೀರು. ನಿತ್ಯ ಎರಡೂ ಕಣ್ಣಿನ ಒತ್ತಡ ಅಳೆಯುತ್ತಿದ್ದ.

ಇಲಿ ಸುಮ್ಮನೆ ಕೂರುವ ಜಾತಿಯೇ? ಕೊಸರಾಡುತ್ತಿತ್ತು, ಬೆರಳು ಕಚ್ಚುತ್ತಿತ್ತು. ಅವನೂ ಹಲ್ಲು ಕಚ್ಚಿ, ಅದರ ಕತ್ತನ್ನು ಬಿಗಿಯಾಗಿ ಅದುಮಿ ಹಿಡಿದು ಅಳೆಯುತ್ತಿದ್ದ. ಬಲಗಣ್ಣೂ ಏರು, ಎಡಗಣ್ಣೂ ಏರು. ಔಷಧಕ್ಕೂ ನೀರಿಗೂ ವ್ಯತ್ಯಾಸವೇ ಇಲ್ಲ. ನಾಳೆ ಔಷಧವನ್ನು ಚರಂಡಿಗೆ ಸುರಿದು ಈ ಕೆಲಸಕ್ಕೆ ಕೈಮುಗಿಯುತ್ತೇನೆ ಎಂದು ನಿಶ್ಚಯಿಸಿದ.

ಆ ಸಂಜೆ ತನ್ನ ಕಣ್ಣು ತೋರಿಸಲು ವೈದ್ಯೆಯ ಬಳಿ ಹೋದ. ತಾಯಿಯ ಕಾಯಿಲೆ ತನಗೂ ಬಂದೀತೆಂಬ ಅಂಜಿಕೆ. ಅಂಗಿಯ ಕೊರಳ ಗುಂಡಿ ಬಿಗಿದುಕೊಂಡು, ಉಸಿರು ಹಿಡಿದು ಕುಳಿತ. ವೈದ್ಯೆ ಅಳೆದು ಹುಬ್ಬೇರಿಸಿದರು.

"ನನಗೂ ಬಂತಾ ಡಾಕ್ಟ್ರೇ?"

"ಮೊದಲು ಆ ಗುಂಡಿ ಬಿಚ್ಚಿ ಸ್ವಾಮಿ. ಉಸಿರನ್ನೂ ಬಿಡಿ, ನಾನೇನೂ ಕಿತ್ತುಕೊಳ್ಳುವುದಿಲ್ಲ."

ಮತ್ತೆ ಅಳೆದರು. ಒತ್ತಡ ಸರಿಯಾಗಿಯೇ ಇತ್ತು. "ಏನೂ ಇಲ್ಲ, ಹೋಗಿ. ನೀವೇ ಬಿಗಿದುಕೊಂಡು ಏರಿಸಿದ್ದಿರಿ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಪ್ರಯೋಗಾಲಯಕ್ಕೆ ಓಡಿದ. ಒಂದು ಇಲಿಯನ್ನು ಮೆತ್ತನೆಯ ಬಟ್ಟೆಯ ಚೀಲಕ್ಕೆ ಬಿಟ್ಟ. ಮುಖವಷ್ಟೇ ಹೊರಗೆ. ಅದರ ಗಾಬರಿ ಇಳಿಯುವ ತನಕ ಕಾದು, ಕತ್ತು ಮುಟ್ಟದೆ ಅಳೆದ. ಎಡಗಣ್ಣು ಏರಿಯೇ ಇತ್ತು. ಬಲಗಣ್ಣು ಇಳಿದಿತ್ತು. ಇನ್ನೊಂದು ಇಲಿ ತೆಗೆದ; ಅದರದೂ ಇಳಿದಿತ್ತು. ಔಷಧ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಅವನು ನೆಲದ ಮೇಲೆ ಕುಸಿದು ಕೂತು, ಕಚ್ಚಿಸಿಕೊಂಡ ಬೆರಳಿಗೆ ತಾನೇ ಮುತ್ತಿಟ್ಟ.

ಶಿಷ್ಯ ತಲೆ ಕೆರೆದುಕೊಂಡ. "ಇಲಿಯ ಕಣ್ಣು ಉಳಿಯಿತು, ಸಂತೋಷ. ನನ್ನ ಮನಸ್ಸಿನ ಗತಿ ಏನು ಬುದ್ಧೀ?"

ಗುರುಗಳು ಅನ್ನದ ಪಾತ್ರೆ ಇಳಿಸುತ್ತ ಕೇಳಿದರು: "ನೀನು ಅದನ್ನು ಅಳೆಯುವಾಗ, ಮರಿ, ಅದರ ಕತ್ತಿನ ಮೇಲೆ ಯಾರ ಕೈ ಇರುತ್ತದೆ?"

ಶಿಷ್ಯ ಉಸಿರು ಬಿಟ್ಟ.