ತದಡಿಯ ಜಟ್ಟಿ ಬೋಟಿಗೆ ಯಂತ್ರ ಕಟ್ಟಿದ್ದು

ಸೊಳ್ಳೆ ಕಚ್ಚಿದರೆ ಕೆರೆದುಕೊಳ್ಳಿ, ನಗು ಬಂದರೆ ನಗಿ, ನಡುವೆ ಮಾತ್ರ ಎದ್ದು ಹೋಗಬೇಡಿ. ತದಡಿ ಬಂದರಿನಲ್ಲಿ ಮಾಸ್ತಿ ಅಂತ ಒಬ್ಬಳಿದ್ದಳು, ಮೀನು ಮಾರುವವಳು. ಅವಳಿಗೊಬ್ಬನೇ ಮಗ, ಜಟ್ಟಿ. ಆಳು ಆರಡಿ, ಬುದ್ಧಿ ಅಂಗೈಯಗಲವೂ ಇಲ್ಲ. ಮೀನಿನ ಬುಟ್ಟಿ ಮೇಲೆ ಕಣ್ಣಿಡೋ ಅಂದರೆ ಬುಟ್ಟಿಯನ್ನೇ ನೋಡುತ್ತ ಕೂರುವವ. ಬೆಕ್ಕು ಬಂದು ಮೀನು ಕಚ್ಚಿಕೊಂಡು ಹೋದರೂ ಅವನ ಕಣ್ಣು ಬುಟ್ಟಿ ಬಿಟ್ಟು ಅಲ್ಲಾಡುತ್ತಿರಲಿಲ್ಲ!

ಆಗೆಲ್ಲ ಎಂಥ ಕಾಲ ಅಂತೀರಿ! ಬೋಟು ನಡೆಸುವ ತಾಂಡೇಲರು ಗುಡ್ಡದ ತುದಿ ನೋಡಿ, ನಕ್ಷತ್ರ ನೋಡಿ, ನೀರಿನ ಬಣ್ಣ ನೋಡಿ ದಾರಿ ಹಿಡಿಯುತ್ತಿದ್ದರು. ಜಟ್ಟಿಯ ಅಪ್ಪ ಈರ ಅಂಥವರಲ್ಲೊಬ್ಬ. ಹಾಡು ಹೇಳುತ್ತ ಹೋಗಿ ಹಾಡು ಹೇಳುತ್ತ ಬರುತ್ತಿದ್ದ. ಒಂದು ಸಲ ಗಾಳಿಗೆ ಸಿಕ್ಕಿದವ ಬರಲೇ ಇಲ್ಲ, ಪಾಪ. ಅದಕ್ಕೇ ಮಾಸ್ತಿ ಮಗನನ್ನು ಕಡಲಿಗೆ ಬಿಟ್ಟಿರಲಿಲ್ಲ. ಆದರೆ ಇಂಥವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಬಂದರಿಗೆ ದಾರಿ ತೋರಿಸುವ ಹೊಸ ಯಂತ್ರ ಬಂದ ವರ್ಷ ಎದೆ ಗಟ್ಟಿ ಮಾಡಿ ಸೋಮಯ್ಯ ತಾಂಡೇಲನ ಕೈಗೆ ಅವನನ್ನು ಒಪ್ಪಿಸಿದಳು. "ಅವರು ಹೇಳಿದ ಹಾಗೇ ಮಾಡು ಮಗನೇ!"

ಮೊದಲು ಬಂದದ್ದು ಜಿಪಿಎಸ್ ಆಂಟೆನಾ. ಬೆಳ್ಳಗೆ, ಅಣಬೆ ಹಾಗೆ. "ಬೋಟಿಗೆ ಕೂರಿಸು, ಜೋಪಾನ!" ಅಂದ ತಾಂಡೇಲ. ಜಟ್ಟಿ ಜೋಪಾನ ಮಾಡಿದ. ಕೂರಿಸಿ, ಮೇಲೆ ಅನ್ನದ ಪಾತ್ರೆ ಕವುಚಿ, ಪಾತ್ರೆಯ ಮೇಲೊಂದು ಕಲ್ಲು ಹೇರಿದ. ಯಂತ್ರಕ್ಕೆ ತಾನೆಲ್ಲಿದ್ದೇನೆ ಅಂತಲೇ ಗೊತ್ತಾಗಲಿಲ್ಲ.

"ಅಯ್ಯೋ ದಡ್ಡ! ಅದಕ್ಕೆ ಆಕಾಶ ಕಾಣಬೇಕೋ! ಎತ್ತರದಲ್ಲಿ, ಬಯಲಲ್ಲಿ ಕಟ್ಟಬೇಕೋ!"

"ಆಯ್ತು ತಾಂಡೇಲ್ರೇ, ಇನ್ನು ಹಾಗೇ ಮಾಡ್ತೆ."

ಮತ್ತೆ ಬಂತು ಚಾರ್ಟ್ ಪ್ಲಾಟರ್. ಕಡಲಿನ ನಕ್ಷೆ ತೋರಿಸುವ ಪರದೆ. ಜಟ್ಟಿ ಅದನ್ನು ಬೆನ್ನಿಗೆ ಕಟ್ಟಿಕೊಂಡು ಬೋಟಿನ ನಡುವಿನ ಎತ್ತರದ ಕೂವೆಮರ ಹತ್ತಿ, ತುದಿಯಲ್ಲಿ ಆಕಾಶಕ್ಕೆ ಮುಖ ಮಾಡಿ ಬಿಗಿದ. ಕಾಗೆಯೊಂದು ಬಂದು ಬಗ್ಗಿ ಬಗ್ಗಿ ನೋಡಿತು.

"ಬೋಟು ನಡೆಸೋದು ನಾನೋ ಕಾಗೆಯೋ? ಇಳಿಸೋ ಅದನ್ನ! ನನ್ನ ಮೂಗಿನ ಎದುರು ಕಟ್ಟೋ!"

"ಆಯ್ತು ತಾಂಡೇಲ್ರೇ, ಇನ್ನು ಹಾಗೇ ಮಾಡ್ತೆ."

ಕಡೆಗೆ ಬಂತು ಎಐಎಸ್ ಪೆಟ್ಟಿಗೆ. ಅದಕ್ಕೊಂದು ಉದ್ದ ಕೋಲು, ಒಂದು ಸಣ್ಣ ಬ್ಯಾಟರಿ. ಜಟ್ಟಿ ಕೋಲನ್ನು ತಾಂಡೇಲ ಕೂರುವಲ್ಲಿ ಮೂಗಿನ ಅಳತೆ ನೋಡಿ ಎದುರಿಗೇ ಕಟ್ಟಿದ. ಸೋಮಯ್ಯ ಬಂದು ಕೂತದ್ದೇ ತಡ, ಕೋಲು ಮೂಗಿಗೆ ಚುಚ್ಚಿತು.

"ಸತ್ತೆನಲ್ಲೋ! ಕೋಲು ಮೇಲಿರಬೇಕೋ! ಈ ಪೆಟ್ಟಿಗೆ ಎಲ್ಲಿರ್ತದೋ ನಮ್ಮ ಬೋಟು ಅಲ್ಲಿದೆ ಅಂತ ಎಲ್ಲ ಬೋಟಿನ ಪರದೆ ಮೇಲೂ ಕಾಣ್ತದೆ. ಇದು ನಮ್ಮ ಜೀವ, ತಿಳೀತಾ? ಇನ್ನೊಂದು ಸಲ ತಪ್ಪಿದರೆ ಮನೆಗೆ ಹೋಗು!"

ಅವತ್ತು ಮನೆಯಲ್ಲಿ ಮಾಸ್ತಿ ಹಣೆ ಚಚ್ಚಿಕೊಂಡಳು. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ! ನಾಳೆ ಮೊದಲ ಸಲ ಕಡಲಿಗೆ ಹೋಗ್ತೀಯಾ, ಇದೊಂದು ಮಾತು ಕೇಳು. ನನಗೆ ದೊಡ್ಡ ಮೀನು ಬೇಡ. ಹೊತ್ತು ಮುಳುಗುವಾಗ ನಿಮ್ಮ ಬೋಟು ನಮ್ಮ ಮನೆ ಹತ್ತಿರ ಇರಬೇಕು, ಅಷ್ಟೇ."

"ಆಯ್ತು ಅವ್ವಿ, ಹಾಗೇ ಮಾಡ್ತೆ."

ಮರುದಿನ ಮಾಸ್ತಿ ಬುಟ್ಟಿ ಹೊತ್ತು ಮೀನು ಮಾರಲು ಹೋದಳು, ಬೋಟುಗಳೆಲ್ಲ ಕಡಲಿಗೆ ಹೋದವು. ಮಧ್ಯಾಹ್ನ ಗಾಳಿ ಎದ್ದಿತು. ಎಂಥ ಗಾಳಿ ಅಂತೀರಿ! ಬೋಟುಗಳು ಒಂದೊಂದಾಗಿ ಓಡಿ ಬಂದವು, ಸೋಮಯ್ಯನದು ಮಾತ್ರ ಇಲ್ಲ. ಮಾಸ್ತಿ ದಂಡೆಯಲ್ಲಿ ಕಂಡಕಂಡವರ ಕೈ ಹಿಡಿದಳು.

"ನನ್ನ ಮಗ ಎಲ್ಲಿ? ನನ್ನ ಜಟ್ಟಿ ಎಲ್ಲಿ?"

ಒಬ್ಬ ತಾಂಡೇಲ ತನ್ನ ಬೋಟಿನ ಪರದೆ ನೋಡಿ ನಕ್ಕ. "ಹೆದರ್ಬೇಡ ಮಾಸ್ತಕ್ಕ. ಆಗಲೇ ಬಂದಾಯ್ತು. ಇಗಾ ನೋಡು, ನಿಮ್ಮ ಮನೆ ಹತ್ತಿರವೇ ತೋರಿಸ್ತಾ ಇದೆ!"

ಅವಳಿಗೆ ಹೋದ ಜೀವ ಬಂದಂತಾಯಿತು. ಮನೆಗೆ ಓಡಿದಳು. ಬೋಟೂ ಇಲ್ಲ, ಮಗನೂ ಇಲ್ಲ! ಮಾಡಿನ ಮೇಲೆ ಒಂದು ಉದ್ದ ಕೋಲು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಪಕ್ಕ ಎಐಎಸ್ ಪೆಟ್ಟಿಗೆ, ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ಮಾಸ್ತಿ ತಿರುಗಿ ದಂಡೆಗೆ ಓಡಿದಳು.

"ಅವರು ಬಂದಿಲ್ರಪ್ಪೋ! ಪೆಟ್ಟಿಗೆ ಮಾತ್ರ ಬಂದಿದೆ! ಹೋಗ್ರಪ್ಪೋ, ನನ್ನ ಮಗನ್ನ ತನ್ನಿ!"

ಆಗಿನ ಜನ ನೋಡಿ, ಹಿಂದೆಮುಂದೆ ನೋಡಲಿಲ್ಲ. ಅದೇ ಗಾಳಿಯಲ್ಲಿ ಬೋಟು ತಿರುಗಿಸಿದರು. ಸೋಮಯ್ಯನ ಬೋಟು ಅಳಿವೆಯ ಆಚೆ ಇಂಜಿನ್ ಕೆಟ್ಟು ತೇಲುತ್ತಿತ್ತಂತೆ. ಉಳಿದವರೆಲ್ಲ ದೇವರಿಗೆ ಹರಕೆ ಹೊರುತ್ತಿದ್ದರೆ ಜಟ್ಟಿ ಬಲೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದನಂತೆ. ಅಂತೂ ಹಗ್ಗ ಕಟ್ಟಿ ಎಳೆದುಕೊಂಡು ಬಂದರು.

ಸೋಮಯ್ಯ ದಂಡೆಗೆ ಹಾರಿದವನೇ ಕೂಗಿದ. "ಯಾಕೋ ಪೆಟ್ಟಿಗೆ ಕಿತ್ತೆ, ಪಾಪಿ! ಎಲ್ಲರನ್ನೂ ಕೊಲ್ತಿದ್ದೆಯಲ್ಲೋ!"

"ಪೆಟ್ಟಿಗೆ ಇದ್ದಲ್ಲಿ ಬೋಟು ಅಂತ ನೀವೇ ಹೇಳಿದ್ರಲ್ಲ ತಾಂಡೇಲ್ರೇ!"

ಮಾಸ್ತಿ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈಯಲ್ಲೇ ಮಗನನ್ನು ಬಾಚಿ ತಬ್ಬಿಕೊಂಡು ಹೋ ಅಂತ ಅತ್ತಳು. ಜಟ್ಟಿ ಅವಳ ಕಣ್ಣು ಒರೆಸಿ ಹೇಳಿದ:

"ಎಂತಕ್ಕೆ ಅಳ್ತೀ ಅವ್ವಿ? ಬೆಳಿಗ್ಗೆಯಿಂದ ನಾನು ಮನೇಲೇ ಇದ್ನಲ್ಲ!"