ಹೊಳೆಯಾಚೆಯ ಬಿಡಾರ

ತಂಗಿ ಹೊಳೆಯಲ್ಲಿ ಕೊಚ್ಚಿಹೋದ ಮೇಲೆ ಮರಿಯಾನೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಸಿಕ್ಕಸಿಕ್ಕ ಮರಕ್ಕೆ ಹಣೆ ಗುದ್ದುತ್ತಿತ್ತು. ಹೇಳಿ ಹೇಳಿ ಸೋತ ತಾಯಾನೆ ಅದನ್ನು ಹೊಳೆಯಾಚೆಯ ಬಿಡಾರಕ್ಕೆ, ಮುದಿ ಸಾಕಾನೆಯ ಬಳಿಗೆ ಕರೆದೊಯ್ದಳು.

"ಬಿಟ್ಟು ಹೋಗಿ ತಾಯಿ, ತಿದ್ದಿ ಕಳಿಸುತ್ತೇನೆ. ನನ್ನನ್ನೂ ಇಲ್ಲಿಯೇ ತಿದ್ದಿದ್ದು," ಎಂದಿತು ಸಾಕಾನೆ, ಕಾಲಿನ ಸರಪಳಿ ಎಳೆಯುತ್ತ. "ಮಗ ಕೂಗಿದರೂ ಬರಬೇಡಿ. ಅದು ಹಟಮಾರಿ ಮರಿಗಳು ಆಡುವ ನಾಟಕ."

ಮರಿ ಕೂಗಿತು. ತಾಯಿ ಹೊಳೆಯ ದಡದವರೆಗೆ ಓಡಿಬಂದು ಕೇಳಿದಳು: "ಅವನಿಗೆ ಏನು ಮಾಡುತ್ತಿದ್ದೀರಿ?"

"ನಿಮ್ಮಿಂದ ಆಗದ್ದನ್ನು ಮಾಡುತ್ತಿದ್ದೇವೆ," ಎಂದಿತು ಆಚೆ ದಡದಿಂದ ಸಾಕಾನೆ.

ತಾಯಿ ತಲೆ ತಗ್ಗಿಸಿ ಹಿಂದಿರುಗಿದಳು. ಕೆಲವು ದಿನಗಳಲ್ಲಿ ಕೂಗು ನಿಂತಿತು. ಮಗ ಸರಿಹೋದನೆಂದು ಅವಳು ಹಿಂಡಿಗೆಲ್ಲ ಹೇಳಿಕೊಂಡು ಬಂದಳು.

ಮಳೆಗಾಲ ಮುಗಿದ ಮೇಲೆ ಮರಿ ಮರಳಿತು. ಮರಕ್ಕೆ ಗುದ್ದಲಿಲ್ಲ, ನೀರಿಗೂ ಇಳಿಯಲಿಲ್ಲ, ನಿಲ್ಲಿಸಿದಲ್ಲೇ ನಿಂತಿತು.

"ಅಲ್ಲಿ ಹೇಗಿತ್ತೋ ಮಗನೇ?"

ಮರಿ ಮೊದಲು ಹೊಳೆಯಾಚೆ ನೋಡಿತು. ಆಮೇಲೆ "ಚೆನ್ನಾಗಿತ್ತು" ಎಂದಿತು.

ತಾಯಿ ಮೈದಡವಲು ಸೊಂಡಿಲು ಚಾಚಿದಳು.

ಮರಿ ಕಣ್ಣು ಮುಚ್ಚಿ, ಸರಪಳಿ ಹಾಕಿಸಿಕೊಳ್ಳಲು ಮುಂಗಾಲು ಎತ್ತಿಕೊಟ್ಟಿತು.