ತಾಲೀಮು ತಪ್ಪಿಸದ ಮಾಸ್ತರ

ಗಜೇಂದ್ರಗಡದ ಕಳಕಪ್ಪ ಮಾಸ್ತರ ಹಾಡಿಗೆ ಧಾಟಿ ಹಾಕುವವನು. ಪದ ಯಾರೋ ಬರೆದುಕೊಡುತ್ತಿದ್ದರು, ಅದಕ್ಕೆ ರಾಗ ಕೂರಿಸುವುದು ಅವನ ಕೆಲಸ. ಅವನಿಗೆ ಸಂಬಳ ಕೊಡುವ ಕಂಪನಿ ಇರಲಿಲ್ಲ, ರಜೆ ಕೊಡುವ ಕಚೇರಿ ಇರಲಿಲ್ಲ. ಯಾರು ಕರೆದರೆ ಅವರ ಕೆಲಸ. ಹಳ್ಳಿಯ ನಾಟ್ಯ ಸಂಘ ಕರೆದರೆ ನಾಟಕದ ಹಾಡು, ಶಾಲೆ ಕರೆದರೆ ಸ್ವಾಗತ ಗೀತೆ. ಒಂದು ಹಾಲಿನ ಡೇರಿಯ ಬೆಳ್ಳಿ ಹಬ್ಬಕ್ಕೂ ಹಾಡು ಮಾಡಿಕೊಟ್ಟಿದ್ದ. ಡೇರಿಯ ಕಾರ್ಯದರ್ಶಿ ತನ್ನ ಹೆಸರು ಹಾಡಿನ ಎರಡೂ ನುಡಿಯಲ್ಲಿ ಬರಬೇಕೆಂದು ಹಟ ಹಿಡಿದಾಗ, ಎಮ್ಮೆಯ ಹೆಸರು ಒಂದರಲ್ಲಾದರೂ ಇರಲಿ ಎಂದು ಬೇಡಿಕೊಂಡವನು ಈತನೇ.

ಅವನು ಕಲಿತ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಧಾಟಿಯನ್ನು ಕಾಗದದ ಮೇಲೆ ಬರೆದುಕೊಡಬಾರದು. ಮೊಬೈಲಿನಲ್ಲಿ ಹಿಡಿಯಲು ಬಿಡಬಾರದು. ಮಾಸ್ತರನೇ ಹಾರ್ಮೋನಿಯಂ ಮುಂದೆ ಕುಳಿತು ಬಾಯಿಂದ ಬಾಯಿಗೆ ಕಲಿಸಬೇಕು. ಅವನ ಗುರು ಹೇಳಿದ್ದು ಇಷ್ಟೇ: "ಧಾಟಿ ನಿನ್ನ ಬಾಯಾಗ ಇರೂತನಕ ಮಂದಿ ನಿನ್ನ ಮನಿಗೆ ಬರ್ತಾರ. ಅವರ ಕೈಯಾಗ ಕೊಟ್ಟಿ ಅಂದ್ರ, ನೀನು ಮನ್ಯಾಗ ಕುಂಡ್ರು."

ಅದಕ್ಕೇ ಕಳಕಪ್ಪನ ತಾಲೀಮು ಶುರುವಾಗುವ ಮೊದಲು ಎಲ್ಲರ ಮೊಬೈಲೂ ಅವನ ಬಟ್ಟೆಯ ಚೀಲ ಸೇರುತ್ತಿದ್ದವು. ಕೆಲಸ ಮುಗಿದ ಮೇಲೆ ತಿರುಗಿ ಕೊಡುತ್ತಿದ್ದ.

ನಲವತ್ತಾರನೆಯ ವಯಸ್ಸಿಗೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಸರ್ಕಾರಿ ಆಸ್ಪತ್ರೆಯಲ್ಲಿ ಮಶೀನು ಕಡಿಮೆ, ಕಾಯುವವರು ಬಹಳ. ಅವನಿಗೆ ಸಿಕ್ಕಿದ್ದು ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ನಾಲ್ಕು ತಾಸು ಮಲಗಿ ಎದ್ದರೆ ತಲೆ ಗಿರ್ರೆನ್ನುತ್ತಿತ್ತು. ಅವತ್ತು ಮತ್ತೆ ಯಾವ ಕೆಲಸಕ್ಕೂ ಆಗುತ್ತಿರಲಿಲ್ಲ. ಸೂಜಿ ಚುಚ್ಚಲೆಂದು ಎಡಗೈಯ ಎರಡು ರಕ್ತನಾಳ ಜೋಡಿಸಿದ್ದರು. ಆ ಕೈಯ ನಾಳ ಹಗ್ಗದಂತೆ ಉಬ್ಬಿತ್ತು.

ಕಳಕಪ್ಪ ಇದನ್ನು ಹೆಂಡತಿ ಗುರವ್ವನ ಹೊರತು ಯಾರಿಗೂ ಹೇಳಲಿಲ್ಲ. ಸುಡುಬೇಸಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿ ಕೈ ಮುಚ್ಚಿದ. ಮಂಗಳವಾರ ಎಲ್ಲಿ ಹೋಗಿದ್ದೆ ಎಂದರೆ ತಂಗಿಯ ಮನೆಗೆ ಎನ್ನುತ್ತಿದ್ದ. ಇಲ್ಲದ ತಂಗಿಗೆ ಒಂದು ಬಾಣಂತನವನ್ನೂ ಮಾಡಿಸಿದ್ದ.

ಮುಚ್ಚಿಟ್ಟವನನ್ನು ಮೂರ್ಖ ಎನ್ನುವುದು ಸುಲಭ. ಮುಚ್ಚಿಡುವಂತೆ ಮಾಡಿದವರು ಯಾರು ಎಂದು ಕೇಳಿ. ಪಕ್ಕದ ತಾಲೂಕಿನ ಇನ್ನೊಬ್ಬ ಮಾಸ್ತರನಿಗೆ ಲಕ್ವ ಹೊಡೆದು ಆರು ತಿಂಗಳಲ್ಲಿ ಗುಣವಾಗಿತ್ತು. "ಅವರಿಗೆ ಆರಾಮಿಲ್ಲಂತ" ಎಂಬ ಒಂದು ಮಾತು ಊರೂರು ತಿರುಗಿ, ಗುಣವಾದ ಮೇಲೂ ಅವನನ್ನು ಯಾರೂ ಕರೆಯಲಿಲ್ಲ. ಕಳಕಪ್ಪ ಅದನ್ನು ಕಣ್ಣಾರೆ ಕಂಡಿದ್ದ.

ಆ ವರ್ಷ ಹತ್ತು ಮೈಲಿ ಆಚೆಯ ಹಳ್ಳಿಯೊಂದರ ನಾಟ್ಯ ಸಂಘದವರು ಕಾರ ಹುಣ್ಣಿಮೆಗೆ ನಾಟಕ ಆಡುವುದೆಂದು ತೀರ್ಮಾನಿಸಿದರು. ಸಂಘದ ಅಧ್ಯಕ್ಷ ದೊಡ್ಡನಗೌಡ ಮನೆಗೇ ಬಂದ.

"ಎಂಟು ಹಾಡು, ಇಪ್ಪತ್ತು ದಿನ. ದಿನಾ ನಾಕು ಗಂಟೇಕ ತಾಲೀಮು. ಹೋದವರ್ಷದ ಮಾಸ್ತರ ನಾಕು ದಿನ ಕೈಕೊಟ್ಟು ನಮ್ಮ ಮರ್ಯಾದಿ ಕಳದ. ನೀವು ತಾಲೀಮು ತಪ್ಪಿಸಬಾರದು, ಮಾಸ್ತರ. ಅದೊಂದ ಮಾತು."

"ತಪ್ಪಿಸೂದಿಲ್ಲ, ಗೌಡ್ರ" ಎಂದ ಕಳಕಪ್ಪ.

ಗೌಡ ಹೋದ ಮೇಲೆ ಗುರವ್ವ ಒಳಗಿನಿಂದ ಬಂದಳು. "ಮಂಗಳವಾರ? ಶುಕ್ರವಾರ?"

"ಒಂದೆರಡು ತಪ್ಪಿದ್ರ ಏನಾಗತೈತಿ? ನೀರು ಕಡಿಮಿ ಕುಡೀತೇನಿ."

"ಏನಾಗತೈತಿ ಅಂತ ಡಾಕ್ಟರ್ ಹೇಳ್ಯಾರ. ನಿಮಗ ಕೇಳಿಸಿಲ್ಲೇನು? ಹಾರ್ಮೋನಿಯಂದಾಗ ಒಂದು ಸ್ವರ ಕೆಟ್ಟರ ಓಣಿ ತುಂಬ ಕೇಳಸತೈತಿ ನಿಮಗ!"

"ಒಮ್ಮೆ ಇಲ್ಲ ಅಂದ್ರ ಮತ್ತ ಕರಿಯೂದಿಲ್ಲ, ಗುರವ್ವ. ನಿನಗ ಗೊತ್ತಿಲ್ಲ."

"ನನಗ ಎಲ್ಲಾ ಗೊತ್ತೈತಿ. ಮಂದಿಗೆ ಗೊತ್ತಿಲ್ಲ. ಅದಕ್ಕ ಈ ಬಾಳು" ಎಂದು ಅವಳು ಒಳಗೆ ಹೋದಳು.

ತಾಲೀಮು ಶುರುವಾಯಿತು. ಮೊದಲ ಮಂಗಳವಾರ ಕಳಕಪ್ಪ ಆಸ್ಪತ್ರೆಯ ಬದಲು ಹಳ್ಳಿಯ ಬಸ್ಸು ಹತ್ತಿದ. ಶುಕ್ರವಾರವೂ ಹಾಗೆಯೇ. ಗೌಡ ಎಲ್ಲರ ಮುಂದೆ ಅವನ ಬೆನ್ನು ತಟ್ಟಿದ. "ನೋಡ್ರಪಾ, ಮಾಸ್ತರ ಅಂದ್ರ ಇವರು. ಒಂದು ದಿನ ಇಲ್ಲ ಅಂದಿಲ್ಲ. ನೀವು ಹೊಲ ಐತಿ, ಹಲ್ಲು ನೋವೈತಿ ಅಂತೀರಿ!"

ಕಳಕಪ್ಪನಿಗೆ ಆ ಮಾತು ಹಿತವಾಗಿತ್ತು. ಅದೇ ಅಪಾಯ. ಬೈಗುಳ ತಿಂದವನು ಎದ್ದು ಹೋಗಬಲ್ಲ, ಹೊಗಳಿಸಿಕೊಂಡವನಿಗೆ ಕುಳಿತ ಜಾಗ ಬಿಟ್ಟು ಏಳಲು ಆಗುವುದಿಲ್ಲ. ಅವನ ಕಾಲು ಬಾತಿದ್ದವು. ಚಪ್ಪಲಿಯ ಪಟ್ಟಿ ಹತ್ತುತ್ತಿರಲಿಲ್ಲ. ಹೊಗಳಿದವರು ಯಾರೂ ಅವನ ಕಾಲು ನೋಡಲಿಲ್ಲ.

ನೋಡಿದವನು ಒಬ್ಬನೇ. ನಾಟಕದಲ್ಲಿ ಖಳನ ಪಾತ್ರ ಮಾಡುತ್ತಿದ್ದ ಟೇಲರ್ ಮೌನೇಶ. ಬಟ್ಟೆ ನೋಡಿ ಮನುಷ್ಯನ ಅಳತೆ ಹೇಳುವವನು.

"ಮಾಸ್ತರ, ಬ್ಯಾಸಗ್ಯಾಗ ತುಂಬುತೋಳಿನ ಅಂಗಿ ಹಾಕಾವ ಮದುಮಗ ಒಬ್ಬನ. ನಿಮಗೇನು ಮತ್ತೊಂದು ಲಗ್ನ ಗೊತ್ತಾಗೇತೇನು?"

"ಒಂದು ಮಾಡಿಕೊಂಡದ್ದ ಸಾಕಾಗೇತಿ, ತಮ್ಮಾ."

"ಹಂಗಾರ ಮುಖ ಯಾಕ ಬಾತೈತಿ?"

"ನಿದ್ದಿ ಕಡಿಮಿ" ಎಂದು ಕಳಕಪ್ಪ ಹಾರ್ಮೋನಿಯಂ ಎಳೆದುಕೊಂಡ.

ಎರಡನೆಯ ಮಂಗಳವಾರ ನಾಲ್ಕನೆಯ ಹಾಡು. ನಾಯಕಿಗೆ ಮೇಲಿನ ಷಡ್ಜದಲ್ಲಿ ನಿಲ್ಲುವುದು ಹೇಗೆಂದು ತೋರಿಸಬೇಕಿತ್ತು. ಕಳಕಪ್ಪ ಉಸಿರು ಎಳೆದ. ಉಸಿರು ಒಳಗೆ ಹೋಗಲಿಲ್ಲ. ಮೂರು ಸಲ ತಪ್ಪಿಸಿದ ಡಯಾಲಿಸಿಸ್‌ನ ನೀರೆಲ್ಲ ಎದೆಯಲ್ಲಿ ತುಂಬಿತ್ತು. ಅವನು ಹಾರ್ಮೋನಿಯಂ ಮೇಲೆಯೇ ಮುಖ ಅಡಿಯಾಗಿ ಬಿದ್ದ. ಏಳೆಂಟು ಸ್ವರ ಒಟ್ಟಿಗೆ ಕಿರುಚಿದವು.

ಗೌಡನ ಜೀಪಿನಲ್ಲೇ ಆಸ್ಪತ್ರೆಗೆ ಒಯ್ದರು. ಅಲ್ಲಿ ಮೌನೇಶ ಉಸಿರಿಗೆ ಸಡಿಲವಾಗಲೆಂದು ಕಳಕಪ್ಪನ ಅಂಗಿ ಬಿಚ್ಚಿದ, ಎಡಗೈ ನೋಡಿದ.

ಆ ಸಂಜೆ ಬೇರೆಯವನೊಬ್ಬನ ಪಾಳಿ ಮುಂದೆ ಹಾಕಿ ಕಳಕಪ್ಪನಿಗೆ ಮಶೀನು ಕೊಟ್ಟರು. ಬದುಕಿದ.

ಮರುದಿನ ಬೆಳಗ್ಗೆ ಗೌಡ ಮೌನೇಶನನ್ನು ಕರೆದುಕೊಂಡು ನೋಡಲು ಬಂದ. ಕೈಯಲ್ಲಿ ಆರು ಎಳನೀರು. ನರ್ಸ್ ಮೆಹಬೂಬಿ ಬಾಗಿಲಲ್ಲೇ ತಡೆದಳು.

"ಯಾರಿಗೆ ಇದು?"

"ಮಾಸ್ತರಿಗೆ. ತಂಪಲ್ಲೇನವಾ?"

"ತಂಪಾಗೇ ಹೋಗ್ತಾರ, ಪೂರಾ. ಕಿಡ್ನಿ ಹೋದವರಿಗೆ ಎಳನೀರು ಅಂದ್ರ ಇಸಾ, ಅಜ್ಜಾರ. ಎದಿ ನಿಂತು ಹೋಗತೈತಿ."

ಗೌಡ ಎಳನೀರನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. "ನಮಗೇನು ಗೊತ್ತು! ಇವರು ಹೇಳಬೇಕಿಲ್ಲೋ?"

ಮೆಹಬೂಬಿ ಕಳಕಪ್ಪನ ಕಡೆ ತಿರುಗಿದಳು. "ಕೇಳಿದ್ರೇನು, ಮಾಸ್ತರ? ನೀವು ಬಾಯಿ ಮುಚ್ಚಿಕೊಂಡಿದ್ದಕ್ಕ ನಿಮ್ಮ ಮ್ಯಾಲೆ ಪ್ರೀತಿ ಇದ್ದವರ ಇವತ್ತು ನಿಮ್ಮನ್ನ ಕೊಲ್ಲತಿದ್ರು. ನಿನ್ನೆ ಒಬ್ಬಾವ ತನ್ನ ಪಾಳಿ ನಿಮಗ ಬಿಟ್ಟುಕೊಟ್ಟಾನ. ಆ ಮುದುಕ ಇವತ್ತು ದಮ್ಮು ಹತ್ತಿ ಕುಂತಾನ, ನೋಡ್ರಿ ಅಲ್ಲೆ."

ಕಳಕಪ್ಪ ನೋಡಿದ. ಮೂಲೆಯ ಮಂಚದಲ್ಲಿ ಮುದುಕನೊಬ್ಬ ಗೋಡೆಗೆ ಒರಗಿ ಕಷ್ಟಪಟ್ಟು ಉಸಿರಾಡುತ್ತಿದ್ದ. ಯಾರದೋ ಹುಣ್ಣಿಮೆಯ ನಾಟಕಕ್ಕೆ ಆ ಮುದುಕನ ಉಸಿರೂ ಖರ್ಚಾಗಿತ್ತು.

ಗೌಡ ಕೆಟ್ಟವನಲ್ಲ. ಹೊಲ ಮನೆ ಬಿಟ್ಟು ನೋಡಲು ಬಂದಿದ್ದಾನೆ. ಆದರೂ ಸ್ವಲ್ಪ ಹೊತ್ತು ಕುಳಿತ ಮೇಲೆ ಅವನ ಬಾಯಿಂದ ಬಂದದ್ದು ಇದು:

"ಇನ್ನೂ ನಾಕು ಹಾಡು ಅದಾವು, ಮಾಸ್ತರ. ಇವತ್ತು ನಾಳೆ ಆರಾಮ ತಗೋರಿ. ಶುಕ್ರವಾರ ಜೀಪ್ ಕಳಸ್ತೇನಿ. ಬರ್ತೀರಲ್ಲಾ?"

ಕಳಕಪ್ಪನ ಬಾಯಲ್ಲಿ "ಬರ್ತೇನಿ" ಸಿದ್ಧವಾಗಿಯೇ ಇತ್ತು. ಇಪ್ಪತ್ತೈದು ವರ್ಷ ಅದೊಂದೇ ಉತ್ತರ ಕೊಟ್ಟ ಬಾಯಿ ಅದು. ಇಲ್ಲ ಎಂದರೆ ಈ ಕೆಲಸ ಹೋಗಬಹುದು, ಸುದ್ದಿ ತಿರುಗಿ ಎಲ್ಲ ಕೆಲಸವೂ ಹೋಗಬಹುದು. ಬರುತ್ತೇನೆ ಎಂದರೆ ತಾನೇ ಹೋಗಬಹುದು. ಅವನು ಮಂಚದ ಪಕ್ಕ ಕುಳಿತಿದ್ದ ಗುರವ್ವನನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಇಲ್ಲ, ಗೌಡ್ರ" ಎಂದ ಕಳಕಪ್ಪ. "ಮಂಗಳವಾರ, ಶುಕ್ರವಾರ ನಾನು ಇಲ್ಲೇ ಇರ್ತೇನಿ. ಈ ಹುಣ್ಣಿಮಿಗಷ್ಟ ಅಲ್ಲ, ಇರೂತನಕ. ಉಳಿದ ದಿನ ಬರ್ತೇನಿ. ನಾ ಇಲ್ಲದ ದಿನಕ್ಕ ಧಾಟಿ ಫೋನಿನ್ಯಾಗ ಹಾಡಿ ಕಳಸ್ತೇನಿ. ಹಾಕ್ಕೊಂಡು ಕಲೀರಿ."

ಗೌಡನ ಮುಖ ಗಂಟಾಯಿತು. "ನಾವು ಕರದಿದ್ದು ನಿಮ್ಮನ್ನ. ಫೋನನ್ನಲ್ಲ."

ಪಕ್ಕದಲ್ಲಿದ್ದ ಮೌನೇಶ ನಡುವೆ ಬಾಯಿ ಹಾಕಿದ. "ಗೌಡ್ರ, ಹೋದ ಬಿತ್ತಿಗ್ಯಾಗ ನಿಮ್ಮ ಟ್ರ್ಯಾಕ್ಟರ್ ಕೆಟ್ಟಾಗ ನಾಕು ದಿನ ಗ್ಯಾರೇಜಿನ್ಯಾಗ ಬಿಟ್ರಿ. ಹದ ಹೋದರ ಹೋಗಲಿ, ಇಂಜಿನ್ ಸುಡಬಾರದು ಅಂದ್ರಿ. ಮಾಸ್ತರ ಕೇಳಾಕತ್ತಿದ್ದು ವಾರಕ್ಕ ಎರಡು ದಿನ."

"ನೀ ಸುಮ್ನಿರಲೇ, ಖಳನಾಯಕ!"

"ನಾಟಕದಾಗಷ್ಟರಿ" ಎಂದ ಮೌನೇಶ. ಮೆಹಬೂಬಿ ಮುಖ ಆಚೆ ತಿರುಗಿಸಿ ನಕ್ಕಳು. "ಆಯ್ತು, ಕಳಸ್ರಿ" ಎಂದು ಗೌಡ ಎದ್ದ.

ಶುಕ್ರವಾರ ಕಳಕಪ್ಪ ಮಶೀನಿಗೆ ಎಡಗೈ ಕೊಟ್ಟು, ಬಲಗೈಯಲ್ಲಿ ಮೊಬೈಲು ಹಿಡಿದ. ಗುರುವಿನ ಕಟ್ಟಳೆ ಅಂದು ಮೊದಲ ಸಲ ಮುರಿಯಿತು. ಮೆಲ್ಲಗೆ ಐದನೆಯ ಹಾಡು ಹಾಡಿದ. ನಡುವೆ ಮಶೀನು ಕೂಗಿತು, ಮೆಹಬೂಬಿ ಓಡಿಬಂದಳು, ಹಾಡು ಕೆಟ್ಟಿತು. ಮೂಲೆಯ ಮುದುಕ ರೇಗಿದ: "ಏ ನರ್ಸಮ್ಮ, ನುಡಿ ಮುಗಿಯೂತನಕ ತಡೀಬೇಕಿಲ್ಲೇನು? ಮಾಸ್ತರ, ಇನ್ನೊಮ್ಮೆ ಮೊದಲಿಂದ ಅನ್ರಿ. ನಮಗೇನು ಇನ್ನೂ ಎರಡು ತಾಸು ಬಸ್ಸಿಲ್ಲ."

ಹಾಗೆ ಉಳಿದ ನಾಲ್ಕು ಹಾಡೂ ಫೋನಿನಲ್ಲಿ ಹೋಗಿ ಮುಗಿದವು. ಹುಣ್ಣಿಮೆಯ ನಾಟಕ ನಡೆಯಿತು. ಆ ದಿನ ಕಳಕಪ್ಪನೇ ಹಾರ್ಮೋನಿಯಂ ನುಡಿಸಿದ, ಅರ್ಧತೋಳಿನ ಅಂಗಿಯಲ್ಲಿ. ಫೋನಿನಿಂದ ಕಲಿತ ಏಳನೆಯ ಹಾಡನ್ನು ನಾಯಕಿ ಬೇಕಾದದ್ದಕ್ಕಿಂತ ನಿಧಾನವಾಗಿ ಹಾಡಿದಳು. ಜನಕ್ಕೆ ತಿಳಿಯಲಿಲ್ಲ, ಶಿಳ್ಳೆ ಹೊಡೆದರು. ಕಳಕಪ್ಪ ಹಲ್ಲು ಕಚ್ಚಿಕೊಂಡು ಅವಳ ಲಯದ ಹಿಂದೆಯೇ ನುಡಿಸಿದ.

ಸುದ್ದಿ ತಿರುಗಿತು. ಅವನು ಹೆದರಿದಂತೆಯೇ ಕೆಲವರು ಕರೆಯುವುದನ್ನು ಬಿಟ್ಟರು. ಕೆಲವರು ಬಿಡಲಿಲ್ಲ. ಒಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯ ಟೀಚರ್ ಬಂದವರು ಮೊದಲು ಕೇಳಿದ್ದೇ, "ನಿಮಗ ಯಾವ ವಾರ ಆಗತೈತಿ, ಮಾಸ್ತರ?" ಎಂದು. ಕಳಕಪ್ಪ ಅವರಿಗೆ ಎರಡು ಸಲ ಚಹಾ ಮಾಡಿಸಿದ.

ಮರುವರ್ಷದ ಕಾರ ಹುಣ್ಣಿಮೆ ಹತ್ತಿರ ಬಂತು. ಬಸ್ ನಿಲ್ದಾಣದಲ್ಲಿ ಸಿಕ್ಕ ಮೌನೇಶ ತಲೆ ತಗ್ಗಿಸಿ ಹೇಳಿದ: "ಗೌಡ್ರು ಈ ವರ್ಷ ಬ್ಯಾರೆ ನಾಟಕ ಹಚ್ಯಾರ್ರಿ. ನಾಯಕಿ ನಿಮ್ಮ ನಾಕು ಹಾಡು ಬಾಯಿಪಾಠ ಮಾಡ್ಯಾಳ, ಉಳಿದ ನಾಕು ಫೋನಿನ್ಯಾಗ ಅದಾವು. ಅವೇ ಎಂಟು ಧಾಟಿಗೆ ಹೊಸಾ ಪದಾ ಹಾಕಿ, ಹಾರ್ಮೋನಿಯಂ ಬಾರಿಸಾಕ ಬ್ಯಾರೆಯವನನ್ನ ಹುಡುಕ್ಯಾರ. ನಾ ಬ್ಯಾಡಂದೆ. ಕೇಳಲಿಲ್ಲ. ಖಳನ ಪಾರ್ಟ್ ಬಿಟ್ಟು ಬಂದೇನಿ."

ಗುರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಇದನ್ನು ಮುಚ್ಚಿಡುವುದು ಬೇಡ. ನಂಬಿ ಕೊಟ್ಟವನ ವಸ್ತುವನ್ನು ಎತ್ತಿಕೊಂಡು ಹೋಗುವವರು ಇದ್ದಾರೆ. ಕಾಯಿಲೆಯವನದಾದರೆ ಇನ್ನೂ ಧೈರ್ಯವಾಗಿ ಎತ್ತಿಕೊಳ್ಳುತ್ತಾರೆ. ಅದಕ್ಕೆ ಕಳ್ಳತನ ಎಂದೇ ಹೆಸರು, ಗೌಡ ಮಾಡಿದರೂ.

ಕಳಕಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ. ಗುರವ್ವ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಎಂಟೂ ಹೋದವೇನು?"

"ಎಂಟೂ ಹೋದವು."

"ಹೋದವರ್ಷ ಹುಣ್ಣಿಮಿಗೆ ನೀವು ಹೋಗಾವರಿದ್ರಿ. ಧಾಟಿ ಹೋದವು, ನೀವು ಉಳದ್ರಿ. ನೀವು ಹೋಗಿ ಧಾಟಿ ಉಳದಿದ್ರ, ಒಂಬತ್ತನೇದ್ದು ನನಗ ಹಾಕಾಕ ಬರತಿತ್ತೇನು?"

ಕಳಕಪ್ಪ ಎದ್ದು, ಚೀಟಿಯೊಂದರಲ್ಲಿ ಗೌಡನಿಗೆ ನಾಲ್ಕು ಸಾಲು ಬರೆದ: ಧಾಟಿ ನನ್ನದು, ನಾಟಕಕ್ಕೆ ಮೊದಲು ಮೈಕಿನಲ್ಲಿ ನನ್ನ ಹೆಸರು ಹೇಳಿ, ಇಲ್ಲವಾದರೆ ನಾನೇ ಬಂದು ಮೈಕು ಹಿಡಿದು ಹೇಳುತ್ತೇನೆ. ಚೀಟಿಯನ್ನು ಮೌನೇಶನ ಅಂಗಡಿಗೆ ಮುಟ್ಟಿಸಿದ. ಅದು ಸೋಮವಾರ. ಮರುದಿನ ಹನ್ನೊಂದರ ಬಸ್ಸು ಹಿಡಿದು ಆಸ್ಪತ್ರೆಗೆ ಹೋದ.

ನೀತಿ: ನಾನಿಲ್ಲದೆ ನಡೆಯದು ಎಂಬಂತೆ ಕೆಲಸ ಕಟ್ಟಿಕೊಂಡವನು ತನ್ನ ಕೊರಳಿಗೆ ತಾನೇ ಕುಣಿಕೆ ಹಾಕಿಕೊಳ್ಳುತ್ತಾನೆ. ಕಾಯಿಲೆಯನ್ನು ಬಾಯಿಬಿಟ್ಟು ಹೇಳು. ಚಿಕಿತ್ಸೆಯ ದಿನವನ್ನು ಯಾರಿಗೂ ಮಾರಬೇಡ. ಹೇಳಿದ್ದಕ್ಕೆ ನಷ್ಟವಾದೀತು, ಆದರೂ ಹೇಳು: ಕಳೆದ ಕೆಲಸವನ್ನು ಬದುಕಿರುವವನು ಮಾತ್ರ ಮತ್ತೆ ಮಾಡಬಲ್ಲ. ಇನ್ನು ಕೆಲಸ ಮಾಡಿಸಿಕೊಳ್ಳುವವರೇ, ಆರಾಮಿಲ್ಲದಿದ್ದರೂ ಬಂದ ಎಂದು ಹೊಗಳುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಆ ಹೊಗಳಿಕೆಯಿಂದ ಮನುಷ್ಯರು ಸಾಯುತ್ತಾರೆ.